ಆ ಮಗು ನಾನೇ

ಶಿಡ್ಲಘಟ್ಟದಲ್ಲಿ ನನ್ನ ಯಜಮಾನರ ಕಡೆಯವರ ಗೃಹಪ್ರವೇಶವಿತ್ತು. ಊಟದ ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಎದುರು ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಅನ್ನ ಕಲಸುವುದನ್ನು ಬಿಟ್ಟು ನನ್ನ ಎಡಗಿವಿಯನ್ನೇ ನೋಡುತ್ತಿದ್ದರು. ನನ್ನ ಎಡಗಿವಿಯ ಹಾಲೆ ಸೀಳಿದೆ. ಚಿಕ್ಕವಳಿದ್ದಾಗ ಜಗಳದಲ್ಲಿ ಒಬ್ಬ ಹುಡುಗಿ ಓಲೆ ಹಿಡಿದು ಎಳೆದದ್ದು. ನೋಡುವವರಿದ್ದಾರೆ ಎಂದು ನಾನು ಸೆರಗು ಎಳೆದುಕೊಂಡೆ. ಕೈ ತೊಳೆಯುವ ಜಾಗಕ್ಕೆ ಆಕೆ ನನ್ನ ಹಿಂದೆಯೇ ಬಂದರು.

"ನೀನು ಬಾಲಮಂದಿರದ ಹುಡುಗಿ ಅಲ್ವೇನಮ್ಮ?"

ನಾನು ಆರರಿಂದ ಹತ್ತನೇ ವಯಸ್ಸಿನವರೆಗೆ ಸರ್ಕಾರಿ ಬಾಲಮಂದಿರದಲ್ಲಿ ಬೆಳೆದವಳು ಎಂಬುದು ಯಜಮಾನರಿಗೆ, ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ನಾನು ಹೇಳಿಕೊಂಡಿಲ್ಲ.

"ಅಯ್ಯೋ ನಾ ತಲ್ಲಿ, ನನ್ ತಾಯಿ, ಎಷ್ಟು ದೊಡ್ಡೋಳಾಗ್ಬಿಟ್ಟೆ! ನಾನು ಕಣೇ, ಅಡುಗೆಯಮ್ಮ. ನಿಮ್ಮಮ್ಮ ಹೆಂಗವ್ಳೆ?"

"ನಮ್ಮಮ್ಮ ಯಾವತ್ತೋ ಹೋಗ್ಬಿಟ್ರು. ನನ್ನ ಅಲ್ಲಿ ಬಿಟ್ಟು ಹೋದೋರು ತಿರುಗಿ ನೋಡ್ಲಿಲ್ಲ."

"ಯಾರು ಹೇಳಿದ್ದು ಹಂಗಂತ? ಗೇಟ್ ಹತ್ರ ಕೂತಿರ್ತಿದ್ಳಲ್ಲಮ್ಮ. ಒಳಗೆ ಬಿಡ್ತಿರ್ಲಿಲ್ಲ. ನಾನೇ ಎರಡು ಸಲ ಕುಡಿಯೋಕೆ ನೀರು ಕೊಟ್ಟಿದೀನಿ."

ಅಷ್ಟರಲ್ಲಿ ಯಾರೋ ಅವರನ್ನು ತಾಂಬೂಲಕ್ಕೆ ಕರೆದರು. ನಾನು ಬೆನ್ನು ಹತ್ತಿ ಹೋಗಿ ಕೇಳಿದೆ. ಯಾವ ವರ್ಷ, ಎಷ್ಟು ಸಲ, ಏನು ಹೇಳುತ್ತಿದ್ದಳು? ಅವರಿಗೆ ಅದಕ್ಕಿಂತ ಹೆಚ್ಚು ನೆನಪಿರಲಿಲ್ಲ. ಸಣ್ಣಗೆ, ಕಡ್ಡಿಯ ಹಾಗಿದ್ದಳು, ಸದಾ ಕೆಮ್ಮುತ್ತಿದ್ದಳು. ಇಷ್ಟೇ.

ನನಗೆ ಗೊತ್ತಿದ್ದ ಕಥೆ ಬೇರೆಯೇ ಆಗಿತ್ತು. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಕೊಂಡರು. ಅಮ್ಮ ನನ್ನನ್ನು ಬಾಲಮಂದಿರಕ್ಕೆ ಸೇರಿಸಿ ತನ್ನ ದಾರಿ ನೋಡಿಕೊಂಡಳು, ಆಮೇಲೆ ಎಲ್ಲೋ ಕಾಯಿಲೆಯಾಗಿ ಸತ್ತಳು. ಇದನ್ನು ಹೇಳಿದವರು ಚಿಂತಾಮಣಿ ತಾಲ್ಲೂಕು ಕೆಂಚಾರ್ಲಹಳ್ಳಿಯ ದೊಡ್ಡಪ್ಪ. ಹತ್ತನೇ ವಯಸ್ಸಿಗೆ ನನ್ನನ್ನು ಕರೆತಂದು ಮನೆಯಲ್ಲಿಟ್ಟುಕೊಂಡು, ಹೈಸ್ಕೂಲು ಮುಗಿಸಿ ಮದುವೆ ಮಾಡಿದವರೂ ಅವರೇ. ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ ಎಲ್ಲ ಇತ್ತು. ಊಟ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಹುಳುವಿಗೆ ಸೊಪ್ಪು ಹಾಕುತ್ತಾ ನಾನು ಅಮ್ಮನನ್ನು ಬೈಯುವುದನ್ನು ಕಲಿತೆ. ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಟ್ಟವಳು ಅಮ್ಮನಿಗೆ ಯಾವತ್ತೂ ಇಟ್ಟವಳಲ್ಲ. ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಈಗಿಲ್ಲ. ಕೇಳಲು ಯಾರೂ ಉಳಿದಿರಲಿಲ್ಲ.

ಗೃಹಪ್ರವೇಶದಿಂದ ಬಂದ ಮೇಲೆ ನನಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಕುಡುಮಲಕುಂಟೆಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನನ್ನ ಕೆಲಸ. ಎಣಿಸಿದ ಡಬ್ಬಗಳನ್ನೇ ಮತ್ತೆ ಎಣಿಸಿದೆ. ಕಂಪನಿ ಬಸ್ಸಿನಲ್ಲಿ ಗೌರಿಬಿದನೂರಿಗೆ ಬರುವಾಗ ನನ್ನ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದೆ. ಒಂದು ವಾರ ಹೀಗೇ ನೋಡಿ ಯಜಮಾನರು ಹೇಳಿದರು, "ಬಾಲಮಂದಿರ ಅಂದ್ರೆ ಸರ್ಕಾರದ್ದು. ಸರ್ಕಾರ ಅಂದ್ಮೇಲೆ ಫೈಲ್ ಇರ್ಲೇಬೇಕು. ಅರ್ಜಿ ಹಾಕು."

ನನ್ನದೂ ಒಂದು ಫೈಲ್ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ನಾನಿದ್ದ ಬಾಲಮಂದಿರ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆಗ ನಮ್ಮದೆಲ್ಲ ಕೋಲಾರ ಜಿಲ್ಲೆ. ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನು ಕೋಲಾರಕ್ಕೆ ಹಾಕಿದೆ. ನನ್ನ ಹೆಸರು, ಅಪ್ಪನ ಹೆಸರು, ಇದ್ದ ವರ್ಷಗಳು, "ನನಗೆ ಸಂಬಂಧಿಸಿದ ಕಡತದ ಪೂರ್ಣ ಪ್ರತಿ ಬೇಕು" ಎಂದು ಎರಡೇ ಸಾಲು. ಉತ್ತರ ಬರಲು ಮೂವತ್ತು ದಿನ ಸಮಯವಿದೆ ಎಂದು ಗೊತ್ತಿದ್ದರೂ ಹತ್ತನೇ ದಿನದಿಂದಲೇ ಪೋಸ್ಟ್‌ಮ್ಯಾನ್ ದಾರಿ ಕಾದೆ. ಬಂದದ್ದು ಅರ್ಧ ಪುಟ. ಜಿಲ್ಲೆ ಎರಡಾದಾಗ ಚಿಂತಾಮಣಿ ತಾಲ್ಲೂಕಿನ ಮಕ್ಕಳ ಕಡತಗಳನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಲಾಗಿದೆ, ಅರ್ಜಿಯನ್ನೂ ಅಲ್ಲಿಗೆ ವರ್ಗಾಯಿಸಲಾಗಿದೆ.

ಅಲ್ಲಿಂದ ಮತ್ತೆ ಮೂವತ್ತು ದಿನ ಕಾಯಲು ನನ್ನಿಂದಾಗಲಿಲ್ಲ. ಒಂದು ದಿನ ರಜೆ ಹಾಕಿ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಇಲಾಖೆಯ ಹೆಸರು ಬೇಡ. ಉದ್ದನೆಯ ಕಾರಿಡಾರಿನ ಕೊನೆಯ ಕೋಣೆ, ಕಟ್ಟು ಕಟ್ಟಿದ ಫೈಲುಗಳ ಹಿಂದೆ ಕನ್ನಡಕದ ಒಬ್ಬ ಗುಮಾಸ್ತರು. ಅರ್ಜಿ ಬಂದಿದೆಯಾ ಎಂದು ಕೇಳಿದೆ.

"ಬಂದಿದೆ ಮೇಡಂ. ಫೈಲೂ ಸಿಕ್ಕಿದೆ."

ಸಿಕ್ಕಿದೆ ಎಂದ ಕೂಡಲೇ ನಾನು ಕೈ ಚಾಚಿದೆ. ಆದರೆ ಅವರು ಮುಂದುವರಿಸಿದರು.

"ಕೊಡೋಕಾಗಲ್ಲ. ಇದು ಮಗೂದು ಫೈಲು. ಮಕ್ಕಳ ವಿಷ್ಯ ಹೊರಗಿನೋರಿಗೆ ಕೊಡಂಗಿಲ್ಲ. ರೂಲ್ಸೇ ಹಂಗಿದೆ."

"ಆ ಮಗು ನಾನೇ ಸ್ವಾಮಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅರ್ಧ ನರೆತ ತಲೆ, ಕೈಯಲ್ಲಿ ಮಂಡಿನೋವಿನ ಮಾತ್ರೆಯ ಚೀಟಿ ತುರುಕಿದ್ದ ಪರ್ಸು.

"ನೀವೇ ಅನ್ನೋದಕ್ಕೆ ಏನಿದೆ?"

ಆಧಾರ್ ಕೊಟ್ಟೆ. "ಇದ್ರಲ್ಲಿ ಗಂಡನ ಹೆಸರಿದೆ, ಫೈಲ್ನಲ್ಲಿ ತಂದೆ ಹೆಸರಿದೆ. ಊರೂ ಬೇರೆ. ಹೆಸರೊಂದು ಸೇರಿದ್ರೆ ಆಗ್ಬಿಡತ್ತಾ? ಈ ಹೆಸರಿನೋರು ಜಿಲ್ಲೇಲಿ ಎಷ್ಟು ಜನ ಇಲ್ಲ ಹೇಳಿ. ನಾಳೆ ಬೇರೆ ಯಾರಾದ್ರೂ ಬಂದು ನಾನೇ ಅಂದ್ರೆ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಫೈಲನ್ನು ಬೇರೆ ಯಾರೋ ಬಂದು ಕೇಳಿದ್ದರೆ ಅವರು ಕೊಡಬಾರದು ಎಂದೇ ನಾನೂ ಬಯಸುತ್ತಿದ್ದೆ. ಅದು ಗೊತ್ತಿದ್ದದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು. ಮೇಜಿನ ಮೇಲೆ ಒಂದು ತೆಳ್ಳನೆಯ ಕಡತ, ಕಂದು ಬಣ್ಣ, ಬಿಳಿ ದಾರ. ನನ್ನ ಕೈಗೆ ಒಂದು ಮೊಳ ದೂರದಲ್ಲಿತ್ತು. ಅದೇ ನನ್ನದಾ ಎಂದು ಕೇಳಿದೆ. ಅವರು ಅದನ್ನೆತ್ತಿ ಡ್ರಾಯರಿನೊಳಗೆ ಇಟ್ಟರು.

"ಆಗ ಓದಿದ ಸ್ಕೂಲಿಂದು ಏನಾದ್ರೂ ತನ್ನಿ. ಹಳೇ ಹೆಸರು, ತಂದೆ ಹೆಸರು, ಬಾಲಮಂದಿರದಿಂದ ಬಂದೋರು ಅಂತ ಇರ್ಬೇಕು," ಎಂದರು, ಕೊಂಚ ಮೆತ್ತಗೆ.

ಮಾರನೆಯ ವಾರ ಕೆಂಚಾರ್ಲಹಳ್ಳಿಗೆ ಹೋದೆ. ಚಿಂತಾಮಣಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಜೊತೆಗೆ ಬರುತ್ತೇನೆಂದಳು. ಬೇಡವೆಂದೆ. ಬಸ್ಸು ಕೈವಾರದ ಕ್ರಾಸಿನಲ್ಲಿ ಭಕ್ತರನ್ನು ಇಳಿಸುತ್ತಾ ಹೊತ್ತು ಮಾಡುತ್ತಿದ್ದರೆ ನನಗೆ ಇಳಿದು ನಡೆದುಬಿಡೋಣ ಅನ್ನಿಸುತ್ತಿತ್ತು. ಆ ಕ್ರಾಸಿನಿಂದ ನನ್ನೂರು ನಡೆಯುವಷ್ಟು ಹತ್ತಿರವಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಓದಿದ ಶಾಲೆಯ ಮುಖ್ಯೋಪಾಧ್ಯಾಯಿನಿ ಚಿಕ್ಕ ವಯಸ್ಸಿನವರು. ಬೀರುವಿನಿಂದ ದಾಖಲಾತಿ ರಿಜಿಸ್ಟರುಗಳನ್ನು ಇಳಿಸಿ, ಧೂಳು ಹೊಡೆದು, "ನೀವೂ ಹುಡುಕಿ ಅಮ್ಮ, ಇಬ್ರೂ ನೋಡಣ," ಎಂದು ಒಂದನ್ನು ನನ್ನ ಕಡೆ ತಳ್ಳಿದರು. ಇಷ್ಟು ದಿನದಲ್ಲಿ ಒಂದು ಸರ್ಕಾರಿ ಪುಸ್ತಕ ನನ್ನ ಕೈಗೆ ಬಂದದ್ದು ಅದೇ ಮೊದಲು. ಮೂರನೆಯ ರಿಜಿಸ್ಟರಿನಲ್ಲಿ ಅವರೇ ಕಂಡುಹಿಡಿದರು. ನನ್ನ ಹೆಸರು. ತಂದೆಯ ಹೆಸರು. 'ಹಿಂದೆ ಓದಿದ ಶಾಲೆ' ಎಂಬಲ್ಲಿ ಬಾಲಮಂದಿರ. ತಾಯಿಯ ಹೆಸರಿಗೆ ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ವ್ಯಾಸಂಗ ಪ್ರಮಾಣಪತ್ರ ಬರೆದು ಮೊಹರು ಒತ್ತಿ ಕೊಟ್ಟರು. ಕಾಫಿ ಕುಡಿದು ಹೋಗಿ ಎಂದರು. ಕೂರಲು ಮನಸ್ಸಿರಲಿಲ್ಲ, ನಿಂತೇ ಕುಡಿದೆ.

ಪ್ರಮಾಣಪತ್ರವನ್ನು ಚಿಕ್ಕಬಳ್ಳಾಪುರದ ಕಚೇರಿಗೆ ಕೊಟ್ಟ ಇಪ್ಪತ್ತು ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದಪ್ಪ ಲಕೋಟೆ ಬಂತು. ಅಡುಗೆಮನೆಯಲ್ಲೇ ಹರಿದೆ. ಹತ್ತೊಂಬತ್ತು ಹಾಳೆ. ನನ್ನ ಎತ್ತರ, ತೂಕ, ದಡಾರ ಬಂದದ್ದು, ಎರಡನೇ ತರಗತಿಯ ಅಂಕ, ಎರಡು ಜೊತೆ ಬಟ್ಟೆ ಕೊಟ್ಟದ್ದು. "ಮಗು ಹೆಚ್ಚು ಮಾತನಾಡುವುದಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡುತ್ತದೆ." ಯಾರೋ ನನ್ನನ್ನು ನೋಡಿಕೊಂಡು ಬರೆದ ಸಾಲು. ನಾಚಿಕೆಯೂ ಆಯಿತು, ಆ ಮಗುವನ್ನು ಎತ್ತಿಕೊಳ್ಳಬೇಕು ಎಂದೂ ಅನ್ನಿಸಿತು. ಆದರೆ 'ತಾಯಿ' ಎಂಬ ಮಾತು ಬಂದಲ್ಲೆಲ್ಲ ಮುಂದಿನ ಸಾಲುಗಳಿಗೆ ದಪ್ಪನೆಯ ಕಪ್ಪು ಮಸಿ ಬಳಿದಿತ್ತು. ಹನ್ನೊಂದರಿಂದ ಇಪ್ಪತ್ತೆರಡರವರೆಗಿನ ಪುಟಗಳೇ ಇರಲಿಲ್ಲ. ಮೇಲಿನ ಪತ್ರದಲ್ಲಿ ಕಾರಣ ಹೇಳಿದ್ದರು. ಆ ಭಾಗ ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲು ಬರುವುದಿಲ್ಲ.

"ಮೂರನೇ ವ್ಯಕ್ತಿ ಯಾರು?" ಎಂದರು ಯಜಮಾನರು.

"ನಮ್ಮಮ್ಮ," ಎಂದೆ. ಹಾಳೆಯನ್ನು ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿದೆ. ಮಸಿ ಬಳಿದ ಮೇಲೆ ಜೆರಾಕ್ಸ್ ಮಾಡಿದ್ದರು. ಏನೂ ಕಾಣಲಿಲ್ಲ.

ಮೇಲ್ಮನವಿ ಹಾಕಿದೆ. ವಿಚಾರಣೆಗೆ ಕರೆ ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಆ ಎರಡು ತಿಂಗಳು ನಾನು ಮನೆಯವರಿಗೆ ಕೊಟ್ಟ ಕಾಟ ಅವರೇ ಹೇಳಬೇಕು. ಫೋನ್ ರಿಂಗಾದರೆ ಓಡುತ್ತಿದ್ದೆ. ಸಾರಿಗೆ ಉಪ್ಪು ಎರಡು ಸಲ ಹಾಕುತ್ತಿದ್ದೆ. ಒಂದು ಭಾನುವಾರ ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಚಿಟ್ಟೆ, ಸಂಜೆ ಮತ್ತೆ ತೆಗೆದೆ. ಅಡುಗೆಯಮ್ಮ ತಪ್ಪು ತಿಳಿದಿರಬಹುದು, ಬೇರೆ ಯಾವುದೋ ಹುಡುಗಿಯ ತಾಯಿಯನ್ನು ನನ್ನ ತಾಯಿ ಎಂದುಕೊಂಡಿರಬಹುದು ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಕೂತವಳು ಕಣ್ಣಿಗೆ ಕಟ್ಟುತ್ತಿದ್ದಳು. ಅವಳ ಮುಖ ನನಗೆ ನೆನಪಿಲ್ಲ. ಫೋಟೋ ಇಲ್ಲ. ಮುಖವಿಲ್ಲದ ಒಬ್ಬಳು ಅಲ್ಲಿ ಕೂತಿರುತ್ತಿದ್ದಳು.

ವಿಚಾರಣೆ ನಡೆಸಿದ ಅಧಿಕಾರಿ ಮೂವತ್ತು ದಾಟಿರದ ಹೆಣ್ಣುಮಗಳು. ಗುಮಾಸ್ತರೂ ಇದ್ದರು, ಫೈಲು ಅವರ ತೊಡೆಯ ಮೇಲಿತ್ತು. ಅಧಿಕಾರಿ ನನ್ನ ಅರ್ಜಿ ಓದಿ ಹೇಳಿದರು, "ತಾಯಿಯವರ ಆರೋಗ್ಯದ ವಿಷ್ಯ ಇದೆ ಇದ್ರಲ್ಲಿ. ಅವರ ಒಪ್ಪಿಗೆ ಪತ್ರ ಬೇಕಾಗತ್ತೆ. ಅವರು ಇಲ್ಲ ಅಂದ್ರೆ ಮರಣ ಪ್ರಮಾಣಪತ್ರ ತನ್ನಿ."

"ತರ್ತೀನಿ ಮೇಡಂ. ಎಲ್ಲಿ ತೀರ್ಕೊಂಡ್ರು, ಯಾವಾಗ ತೀರ್ಕೊಂಡ್ರು ಅಂತ ಗೊತ್ತಿದ್ರೆ ತರ್ತಿದ್ದೆ. ಅದು ಗೊತ್ತಾಗ್ಲಿ ಅಂತಾನೇ ಈ ಫೈಲ್ ಕೇಳ್ತಿರೋದು."

ಅಧಿಕಾರಿ ಗುಮಾಸ್ತರ ಕಡೆ ಕೈ ಚಾಚಿದರು. ಫೈಲು ತೆಗೆದುಕೊಂಡು ನಿಧಾನವಾಗಿ ಪುಟ ತಿರುವತೊಡಗಿದರು. ಒಂದು ಕಡೆ ನಿಲ್ಲಿಸಿದರು. ಹಿಂದೆ ಹೋಗಿ ಮತ್ತೆ ಓದಿದರು. ನಾನು ಅವರ ಮುಖ ನೋಡುತ್ತಾ ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದೆ. ಕೊನೆಗೆ ಅವರು ಗುಮಾಸ್ತರಿಗೆ, "ಇವರು ಇಲ್ಲೇ ಕೂತು ಪೂರ್ತಿ ಫೈಲ್ ನೋಡ್ಲಿ. ಆದೇಶ ನಾನು ಬರೀತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಧಾನಕ್ಕೆ ನೋಡಿ ಅಮ್ಮ," ಎಂದರು. ಅಷ್ಟು ಹೊತ್ತೂ ಅವರ ಬಾಯಲ್ಲಿ ಅಮ್ಮ ಎಂಬ ಮಾತು ಬಂದಿರಲಿಲ್ಲ.

ಹನ್ನೊಂದನೇ ಪುಟ ದೊಡ್ಡಪ್ಪನ ಅರ್ಜಿ. ಮಗುವಿನ ತಾಯಿ ಕ್ಷಯದ ಆಸ್ಪತ್ರೆಯಲ್ಲಿದ್ದಾಳೆ, ನೋಡಿಕೊಳ್ಳುವವರು ಯಾರೂ ಇಲ್ಲ, ಸೇರಿಸಿಕೊಳ್ಳಬೇಕು. ಕೆಳಗೆ ಅವರ ರುಜು. ಅಂಕಪಟ್ಟಿಗಳ ಮೇಲೆ ಎಷ್ಟೋ ಸಲ ನೋಡಿದ ಅದೇ ರುಜು. ನನ್ನನ್ನು ಅಲ್ಲಿ ಬಿಟ್ಟವಳು ಅಮ್ಮನಲ್ಲ. ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು.

ಮುಂದಿನ ಪುಟಗಳಲ್ಲಿ ಅವಳ ಅರ್ಜಿಗಳಿದ್ದವು, ಒಟ್ಟು ನಾಲ್ಕು. ಪ್ರತಿಯೊಂದನ್ನೂ ಬೇರೆ ಬೇರೆ ಯಾರೋ ಬರೆದುಕೊಟ್ಟಿದ್ದರು, ಕೈಬರಹ ಒಂದೊಂದೂ ಒಂದು ಥರ. ಎಲ್ಲದರಲ್ಲೂ ಕೋರಿಕೆ ಒಂದೇ. ನನ್ನ ಮಗಳನ್ನು ನನಗೆ ಕೊಡಿಸಬೇಕು. ಮೊದಲನೆಯದರ ಅಂಚಿನಲ್ಲಿ ಕೆಂಪು ಶಾಯಿ, "ಸಾಂಕ್ರಾಮಿಕ ರೋಗ. ಭೇಟಿಗೆ ಅವಕಾಶವಿಲ್ಲ." ಎರಡನೆಯದರಲ್ಲಿ, "ಗುಣವಾದ ಬಗ್ಗೆ ವೈದ್ಯರ ಪ್ರಮಾಣಪತ್ರ ತರುವುದು." ಮೂರನೆಯದರ ಜೊತೆಗೆ ಪ್ರಮಾಣಪತ್ರ ಇತ್ತು. ಅದರ ಅಂಚಿನಲ್ಲಿ, "ಅರ್ಜಿದಾರಳು ಮಗುವಿನ ತಾಯಿ ಎಂಬುದಕ್ಕೆ ದಾಖಲೆ ಇಲ್ಲ."

ಅದನ್ನು ಓದಿ ನಾನು ಎದ್ದು ನಿಂತೆ. ಗುಮಾಸ್ತರು ಗಾಬರಿಯಾಗಿ, "ನೀರು ಬೇಕಾ?" ಎಂದರು. ಬೇಡವೆಂದು ತಲೆಯಾಡಿಸಿ ಕಿಟಕಿಯವರೆಗೆ ಹೋಗಿ ಬಂದೆ. ಮತ್ತೆ ಕೂತೆ.

ಮೂರು ಅರ್ಜಿಗಳಲ್ಲೂ ಎಡಗೈ ಹೆಬ್ಬೆಟ್ಟು. ನಾಲ್ಕನೆಯದರಲ್ಲಿ ಹೆಬ್ಬೆಟ್ಟು ಇರಲಿಲ್ಲ, ರುಜು ಇತ್ತು. ಅಕ್ಷರಗಳು ಒಂದಕ್ಕೊಂದು ತಾಗದೆ, ಒಂದು ಮೇಲೆ ಒಂದು ಕೆಳಗೆ, ಶಾಯಿ ಅಲ್ಲಲ್ಲಿ ನಿಂತು ಚುಕ್ಕೆಯಾಗಿತ್ತು. ಮೊದಲನೇ ಅರ್ಜಿಗೂ ಇದಕ್ಕೂ ನಡುವಿನ ಎರಡು ವರ್ಷದಲ್ಲಿ ಎಲ್ಲೋ ಅವಳು ತನ್ನ ಹೆಸರು ಬರೆಯಲು ಕಲಿತಿದ್ದಳು. ವಿಳಾಸ ಶಿಡ್ಲಘಟ್ಟದ್ದು, ರೇಷ್ಮೆ ನೂಲು ತೆಗೆಯುವ ಒಂದು ಘಟಕದ ಕೇರಾಫ್. ಅಲ್ಲಿ ದುಡಿಯುತ್ತಿದ್ದಳೆಂದು ಕಾಣುತ್ತದೆ. ಅದರ ಅಂಚಿನಲ್ಲಿ ಕೆಂಪು ಶಾಯಿ ಇರಲಿಲ್ಲ. ಹಸಿರು ಶಾಯಿಯಲ್ಲಿ ಒಂದೇ ಮಾತಿತ್ತು, "ಒಪ್ಪಿದೆ."

ಇಪ್ಪತ್ತೆರಡನೇ ಪುಟ ಹಾಳೆಯಲ್ಲ, ಒಂದು ಲಕೋಟೆ. ದಾರ ಪೋಣಿಸಿ ಫೈಲಿಗೆ ಸೇರಿಸಿದ್ದರು. ಅಮ್ಮನ ಹೆಸರಿಗೆ ಹೋದ ರಿಜಿಸ್ಟರ್ಡ್ ಪತ್ರ, ಅಂಟು ಬಿಚ್ಚಿರಲಿಲ್ಲ. ಮೇಲೆ ಅಂಚೆಯವರು ಪೆನ್ಸಿಲ್ಲಿನಲ್ಲಿ ಬರೆದಿದ್ದರು, "ವಿಳಾಸದಾರರು ತೀರಿಕೊಂಡಿದ್ದಾರೆ. ವಾಪಸ್." ಪಕ್ಕದಲ್ಲಿ ಅಂಚೆಯ ಮೊಹರು, ತಾರೀಖು.

"ಇದನ್ನ ಯಾರೂ ತೆಗೆದೇ ಇಲ್ವಾ?" ಎಂದೆ.

ಗುಮಾಸ್ತರು ಲಕೋಟೆಯನ್ನು ತಿರುಗಿಸಿ ನೋಡಿದರು. ಒಳಗೆ ಹೋಗಿ ಅಧಿಕಾರಿಯನ್ನು ಕೇಳಿ ಬಂದರು. ತಾವೇ ಮರದ ಸ್ಕೇಲು ತೂರಿಸಿ, ಹಾಳೆ ಹರಿಯದ ಹಾಗೆ ಅಂಚನ್ನು ಬಿಡಿಸಿ, ಒಳಗಿದ್ದ ಕಾಗದವನ್ನು ನನಗೆ ಕೊಟ್ಟರು. ನಾಲ್ಕು ಸಾಲು. ಸೋಮವಾರ ಹನ್ನೊಂದು ಗಂಟೆಗೆ ಒಬ್ಬ ಸಾಕ್ಷಿಯೊಂದಿಗೆ ಹಾಜರಾಗಿ ಮಗುವನ್ನು ಕರೆದುಕೊಂಡು ಹೋಗತಕ್ಕದ್ದು.

ನಾನು ಅತ್ತೆನಾ ಎಂದು ಯಜಮಾನರು ಆಮೇಲೆ ಕೇಳಿದರು. ಇಲ್ಲ. ಆ ಸೋಮವಾರ ನಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದೆ. ಸ್ಲೇಟು ಒರೆಸುತ್ತಿದ್ದೆನೋ, ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆನೋ. ಬಸ್ ಸ್ಟ್ಯಾಂಡಿನವರೆಗೂ ನಡೆದೆ, ಬಂದ ಎರಡು ಬಸ್ಸು ಹೋಗಲು ಬಿಟ್ಟೆ. ದೊಡ್ಡಪ್ಪನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ನನ್ನ ಜ್ವರಕ್ಕೆ ಚಿಂತಾಮಣಿಯ ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರೂ ಅವರೇ. ಅವರಿಗೆ ಈ ನಾಲ್ಕು ಅರ್ಜಿಯ ವಿಷಯ ಗೊತ್ತಿತ್ತೋ ಇಲ್ಲವೋ, ಅದನ್ನು ಯಾವ ಫೈಲೂ ಹೇಳುವುದಿಲ್ಲ.

ಮಸಿ ಬಳಿಯದ ಪ್ರತಿಗಳು ಮುಂದಿನ ವಾರ ಬಂದವು. ಭಾನುವಾರ ಮಗಳು ಗೌರಿಬಿದನೂರಿಗೆ ಬಂದಾಗ ಅವಳ ಮುಂದೆ ಹರಡಿದೆ. ನಾನು ಓದಿದ್ದನ್ನೇ ಓದಿ ಹೇಳುತ್ತಾ ಹೋದೆ, ಎದ್ದೆ, ಕೂತೆ. ಅವಳು ಮೊದಲನೇ ಅರ್ಜಿಯನ್ನು ಕೈಗೆತ್ತಿಕೊಂಡು ಒಂದು ಕಡೆ ಬೆರಳಿಟ್ಟಳು.

"ಅಮ್ಮ, ಇಲ್ಲಿ ವಯಸ್ಸು ನೋಡಿದ್ಯಾ?"

"ಎಲ್ಲಿ?"

"ಅರ್ಜಿದಾರರ ವಯಸ್ಸು. ಇಪ್ಪತ್ನಾಲ್ಕು. ನನಗಿಂತ ಎರಡು ವರ್ಷ ಚಿಕ್ಕೋಳು ಕಣಮ್ಮ ಅಜ್ಜಿ."

ನಾಲ್ಕೂ ಅರ್ಜಿಗಳನ್ನು ಎಷ್ಟು ಸಲ ಓದಿದ್ದೆನೋ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಲವತ್ತು ವರ್ಷ ನಾನು ಜಗಳವಾಡಿದ್ದು ಗಟ್ಟಿ ಮನಸ್ಸಿನ ಒಬ್ಬ ದೊಡ್ಡ ಹೆಂಗಸಿನ ಜೊತೆ. ಈಗ ನೋಡಿದರೆ ಇವಳ ಹಾಗಿದ್ದ ಒಬ್ಬ ಹುಡುಗಿ. ಇವಳು ಬಸ್ಸು ತಪ್ಪಿದರೆ ನನಗೆ ಫೋನ್ ಮಾಡುತ್ತಾಳೆ.

ಮಗಳೇ ರಜೆ ಹಾಕಿದಳು. ಇಬ್ಬರೂ ಶಿಡ್ಲಘಟ್ಟಕ್ಕೆ ಹೋದೆವು. ಜನನ ಮರಣ ನೋಂದಣಿ ಮಾಡುವ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಲಕೋಟೆಯ ಮೇಲಿನ ತಾರೀಖು ತೋರಿಸಿ, ಇದಕ್ಕಿಂತ ಒಂದೆರಡು ತಿಂಗಳ ಹಿಂದೆ ಇರಬಹುದು ಎಂದೆ. ಮತ್ತೆ ಅರ್ಜಿ, ಮತ್ತೆ ಮೂವತ್ತು ದಿನ, ಮತ್ತೆ ನಾನು ಯಾರೆಂಬ ದಾಖಲೆ ಎಂದು ಎಲ್ಲದಕ್ಕೂ ಸಿದ್ಧಳಾಗಿ ಚೀಲದ ತುಂಬ ಕಾಗದ ತಂದಿದ್ದೆ. ಅವಳು ಅದರಲ್ಲಿ ಎರಡನ್ನು ನೋಡಿ, ಒಳಗಿನಿಂದ ಹಳೆಯ ಪುಸ್ತಕ ತಂದು, ಬೆರಳು ಒದ್ದೆ ಮಾಡಿಕೊಂಡು ತಿರುವಿದಳು. ಕಾಲು ಗಂಟೆ ಕೂಡ ಆಗಿರಲಿಲ್ಲ.

"ಇಲ್ಲಿದಾರೆ ನೋಡಿ. ಹೆಣ್ಣು, ಇಪ್ಪತ್ತಾರು ವರ್ಷ, ಜ್ವರ. ತಿಳಿಸಿದೋರು ಮನೆ ಮಾಲೀಕರು ಅಂತಿದೆ. ಇವರು ನಿಮಗೇನಾಗ್ಬೇಕು?"

"ನಮ್ಮಮ್ಮ."

ಅವಳು ನನ್ನನ್ನೂ ನನ್ನ ಪಕ್ಕದಲ್ಲಿದ್ದ ಮಗಳನ್ನೂ ನೋಡಿದಳು, ಪುಸ್ತಕದೊಳಗಿನ ವಯಸ್ಸನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಪ್ರಮಾಣಪತ್ರ ಬರೆಯಲು ಶುರು ಮಾಡಿದಳು.

"ಎಷ್ಟು ಕಾಪಿ ಬೇಕಮ್ಮ?"

ಚಿಕ್ಕಬಳ್ಳಾಪುರದ ಕಚೇರಿಗೆ ಇನ್ನು ಅದು ಬೇಕಿರಲಿಲ್ಲ. ಬ್ಯಾಂಕಿಗೂ ಬೇಡ, ಜಮೀನಿಗೂ ಬೇಡ. ಮಗಳು ಒಂದು ಸಾಕು ಎನ್ನುವಂತೆ ನನ್ನ ಕೈ ಮುಟ್ಟಿದಳು.

"ಐದು ಕೊಡಮ್ಮ," ಎಂದೆ.